ವರ್ನಾಳ ಮೈಗೆ ಒಗ್ಗದ ಹೋಲ್‌ಸ್ಟರ್

ವರ್ನಾ ಅಡುಗೆಮನೆಯ ತೋಳಿರುವ ಕುರ್ಚಿಯಲ್ಲೇ ಸತ್ತಿದ್ದಳು. ಎದೆಯಲ್ಲಿ ಒಂದೇ ಗುಂಡು. ಬಲಗೈಯಲ್ಲಿ ಅವಳದೇ ಪಿಸ್ತೂಲು. ಅದರ ಗುಂಡು ಎದುರುಗೋಡೆಯಲ್ಲಿ ಹೂತಿತ್ತು. ಪ್ಯಾಂಟಿನೊಳಗೆ, ಸೊಂಟದ ಬಲಹಿಂಬದಿಯಲ್ಲಿ, ಪಿಸ್ತೂಲು ಸಿಕ್ಕಿಸುವ ಚೀಲ, ಖಾಲಿ ಹೋಲ್‌ಸ್ಟರ್. ಮೇಜಿನ ಮೇಲೆ ಅರ್ಧ ತಿಂದ ಪೀಚ್ ಪೈ.

"ಕೂತಲ್ಲೇ ಅಂಗಿ ಎತ್ತಿ ಸರಕ್ಕನೆ ಎಳೆದ್ಲು. ಗುರಿ ತಪ್ತು. ನಾನೂ ಹೊಡ್ದೆ," ಎಂದ ಗಂಡ ಡೆಲ್ಬರ್ಟ್. ಕಡ್ಡಿಯಂಥ ಆಳು. ಅವನ ಹೋಲ್‌ಸ್ಟರ್ ಅವನ ಸೊಂಟದ ಬಲಹಿಂಬದಿಗೆ ಅಂಟಿಕೊಂಡಂತೆ ಕೂತಿತ್ತು. "ಎಮ್ಮೆಗೆ ಬಂದೂಕು ಯಾಕೆ ಅಂತ ಆಗ್ಲೇ ಹೇಳಿದ್ದೆ."

ಶೆರಿಫ್ ಹೋಬರ್ಟ್ ತಲೆಯಾಡಿಸಿದ. "ಜೀವ ಉಳಿಸ್ಕೊಂಡಿದಾನೆ, ಅಷ್ಟೆ. ಟ್ವೈಲಾ, ನಾಳೆ ಸಂಜೆಯೊಳಗೆ ಮುಗಿಸಿಬಿಡು."

ಡಿಟೆಕ್ಟಿವ್ ಟ್ವೈಲಾ ಹೊರಗೆ ಬಂದಳು. ಜಗುಲಿಯಲ್ಲಿ ವರ್ನಾಳ ತಾಯಿ ಓಪಲ್ ಕೂತಿದ್ದಳು.

"ಭಾನುವಾರ ಅವನನ್ನ ಬಿಟ್ಟು ನಮ್ಮನೆಗೆ ಬರೋಳಿದ್ಲು ಕಣೆ. ಈಗ ಪಾದ್ರಿಗಳು ಕೇಳ್ತಾರೆ, ಗಂಡನ ಮೇಲೆ ಬಂದೂಕೆತ್ತಿದವಳಿಗೆ ಏನಂತ ಪ್ರಾರ್ಥನೆ ಮಾಡ್ಲಿ ಅಂತ. ನನ್ನ ಮಗಳನ್ನ ಕೊಲ್ಲೋಕೆ ಹೋದವಳು ಅಂತ ಹೂಳ್ಬೇಕಾ?"



* * *

ಪಿಸ್ತೂಲನ್ನು ಸತ್ತವಳ ಕೈಯಲ್ಲಿ ಸುಮ್ಮನೆ ಇಟ್ಟಿರಬಹುದೆಂದು ಟ್ವೈಲಾ ಶಂಕಿಸಿದಳು. ಅದು ನಿಲ್ಲಲಿಲ್ಲ. ವರ್ನಾಳ ಬೆರಳುಗಳಲ್ಲಿ ಸಿಡಿಮದ್ದಿನ ಪುಡಿ ಸಿಕ್ಕಿತು; ಗುಂಡು ಹಾರಿಸಿದ್ದು ಆ ಕೈಯೇ. ಡೆಲ್ಬರ್ಟನಿಗೆ ಇನ್ನೊಬ್ಬಳಿದ್ದಾಳೆಂಬ ಗಾಳಿಮಾತಿನ ಬೆನ್ನು ಹತ್ತಿದಳು. ಅದೂ ಸುಳ್ಳು.

ಕೊನೆಗೆ ಶವಾಗಾರಕ್ಕೆ ಹೋದಳು. ಹೊದಿಕೆ ಸರಿಸಿದಳು.

ಸೊಂಟದ ಚರ್ಮ ನುಣುಪಾಗಿತ್ತು. ಒಂದು ಗೀರೂ ಇಲ್ಲ. ಆದರೆ ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ, ಅಂಗೈಯಗಲದ ಕಪ್ಪು ಪಟ್ಟೆ. ವರ್ಷಗಟ್ಟಲೆ ಬೆವರಿ, ಉಜ್ಜಿ, ಸುಲಿದ ಪಟ್ಟೆ.

ಟ್ವೈಲಾ ತನ್ನ ಅಂಗಿಯೊಳಗೆ ಕೈ ಹಾಕಿ ಮುಟ್ಟಿ ನೋಡಿಕೊಂಡಳು. ಅಲ್ಲೂ ಅಂಥದೇ ಪಟ್ಟೆ.

ವರ್ನಾಳಂಥ, ತನ್ನಂಥ ದಪ್ಪ ಮೈಯವರು ಪಿಸ್ತೂಲು ಬಚ್ಚಿಟ್ಟುಕೊಳ್ಳುವ ಪಾಡು ಅವಳಿಗೆ ಗೊತ್ತು. ಸೊಂಟಕ್ಕೆ ಸಿಕ್ಕಿಸಿದರೆ ಕೂತಾಗ ಹಿಡಿಕೆ ಪಕ್ಕೆಗೆ ತಿವಿಯುತ್ತದೆ. ಹೊಟ್ಟೆಯ ಮುಂದಿಟ್ಟರೆ ಬಗ್ಗಲಾಗದು. ಒಗ್ಗುವುದೊಂದು ಸಿಗುವ ತನಕ ಹೋಲ್‌ಸ್ಟರ್ ಕೊಳ್ಳುತ್ತಲೇ ಇರಬೇಕು. ಒಗ್ಗದವು ಡ್ರಾಯರ್ ಸೇರುತ್ತವೆ. ಈ ಟೆಕ್ಸಸ್ಸಿನ ಊರಲ್ಲಿ ಅಂಥ ಡ್ರಾಯರಿಲ್ಲದ ಮನೆಯಿಲ್ಲ.

ಅವಳು ಕೊಲೆಯ ದಿನದ ಫೋಟೋಗಳನ್ನು ಮತ್ತೆ ನೋಡಿದಳು. ಹಿತ್ತಲಿನ ಫೋಟೋದಲ್ಲಿ ಕಣ್ಣು ನಿಂತಿತು.

* * *

ಮಾರನೆಯ ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಟ್ವೈಲಾ ಕೂತಳು. ಅದೇ ಹೋಲ್‌ಸ್ಟರ್, ಅದೇ ಜಾಗ, ವರ್ನಾ ತೊಟ್ಟಿದ್ದಂಥದೇ ಎಲಾಸ್ಟಿಕ್ ಪ್ಯಾಂಟು. ಒಳಗೆ ಗುಂಡಿಲ್ಲದ ಪಿಸ್ತೂಲು. ಶೆರಿಫ್ ಗೋಡೆಗೊರಗಿದ್ದ. ಓಪಲ್ ಬಾಗಿಲಲ್ಲಿ ನಿಂತಿದ್ದಳು.

"ಅವಳು ಎಳೆದ ಹಾಗೇ ಎಳೀತೀನಿ. ನೋಡಿ ಹೇಳಿ, ಡೆಲ್ಬರ್ಟ್."

ಮೊಣಕೈ ಕುರ್ಚಿಯ ತೋಳಿಗೆ ಸಿಕ್ಕಿತು. ಬೆರಳು ಅಂಗಿಯಲ್ಲೇ ತಡಕಾಡಿತು. ಇನ್ನೊಮ್ಮೆ. ಕೊನೆಗೆ ಬಲವಾಗಿ ಎಳೆದಾಗ ಪ್ಯಾಂಟಿನ ಜೊತೆ ಹೋಲ್‌ಸ್ಟರೇ ಕಿತ್ತು ಬಂತು.

ಡೆಲ್ಬರ್ಟ್ ತಡೆಯಲಾರದೆ ನಕ್ಕ. "ಅಯ್ಯೋ ತಾಯೀ! ಈ ಮೈ ಇಟ್ಕೊಂಡು ಕೂತಲ್ಲಿಂದ ಎಳೆಯೋಕಾಗುತ್ತಾ? ಮೊದ್ಲು ಎದ್ದೇಳ್ಬೇಕು. ಅದಕ್ಕೊಂದು ಕ್ರೇನ್ ಬೇಕು!"

ಯಾರೂ ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು.

"ನಾನೂ ವರ್ನಾನೂ ಒಂದೇ ತೂಕ," ಎಂದಳು ಟ್ವೈಲಾ.

"ಅವಳು... ಅವಳಿಗೆ ಅಭ್ಯಾಸ ಇತ್ತು."

"ಇತ್ತು. ಇದರ ಅಭ್ಯಾಸ." ಟ್ವೈಲಾ ಮೇಜಿನ ಮೇಲೆ ಅಗಲವಾದ ಎಲಾಸ್ಟಿಕ್ ಪಟ್ಟಿಯೊಂದನ್ನು ಇಟ್ಟಳು. ಅದರಲ್ಲೊಂದು ಪಿಸ್ತೂಲಿನ ಜೇಬು. "ಎದೆ ಕೆಳಗೆ ಕಟ್ಕೊಳ್ಳೋದು. ಅವಳ ಮೈಮೇಲೆ ಇದರ ಗುರುತಿದೆ, ಸೊಂಟದ ಮೇಲೆ ಯಾವ ಗುರುತೂ ಇಲ್ಲ. ನೀನು ಅವಳನ್ನ ಕೊಂದಾಗ ಇದು ಹಿತ್ತಲ ಹಗ್ಗದ ಮೇಲೆ ಒಣಗ್ತಿತ್ತು. ಫೋಟೋದಲ್ಲಿದೆ. ಆಗ ಅವಳ ಮೈಮೇಲೆ ಬಂದೂಕೇ ಇರ್ಲಿಲ್ಲ. ಬಿಟ್ಟು ಹೋಗ್ತಾಳೆ ಅಂತ ಗೊತ್ತಾಯ್ತು, ಪೈ ತಿನ್ನೋಳಿಗೆ ಗುಂಡಿಟ್ಟೆ. ಆಮೇಲೆ ಅವಳ ಪಿಸ್ತೂಲು ತಂದು, ಅವಳ ಬೆರಳಿಂದಲೇ ಗೋಡೆಗೆ ಹೊಡೆಸಿದೆ. ಡ್ರಾಯರಲ್ಲಿ ಕೈಗೆ ಸಿಕ್ಕ ಹೋಲ್‌ಸ್ಟರ್ ತಂದು, ನೀನು ಸಿಕ್ಕಿಸ್ಕೊಳ್ಳೋ ಜಾಗದಲ್ಲೇ ಅವಳಿಗೂ ಸಿಕ್ಕಿಸಿದೆ. ಅವಳು ಒಗ್ಗಲ್ಲ ಅಂತ ಬಿಸಾಕಿದ್ದು ಅದು."

ಡೆಲ್ಬರ್ಟ್ ಪಟ್ಟಿಯನ್ನೇ ದಿಟ್ಟಿಸಿದ. "ಹಗ್ಗದ ಮೇಲೆ ನೋಡ್ದೆ. ಒಳಬಟ್ಟೆ ಅಂದ್ಕೊಂಡೆ."

ಶೆರಿಫ್ ಗೋಡೆ ಬಿಟ್ಟು ಮುಂದೆ ಬಂದ, ಕೋಳ ತೆಗೆದ.

ಬಾಗಿಲಿನಿಂದ ಓಪಲ್ ಮೆಲ್ಲಗೆ ಹೇಳಿದಳು. "ಹದಿನೆಂಟು ವರ್ಷ ಒಂದೇ ಹಾಸಿಗೆ. ಒಂದು ಸಲನಾದ್ರೂ ನನ್ನ ಮಗಳ ಮೈ ನೆಟ್ಟಗೆ ನೋಡಿದ್ದಿದ್ರೆ, ಇವತ್ತು ತಪ್ಪಿಸ್ಕೊಂಡ್ಬಿಡ್ತಿದ್ದೆ ನೀನು."