ಒಂದು ತೊಡೆ ಸೇರಿದ ಕೋಡ್

ಸ್ನೇಹಲಳ ಡೈರಿಯಲ್ಲಿ ಅಂದು ಇಷ್ಟೇ ಇತ್ತು: ‘ಅಪ್ಪ ಫೋನಿನಾಗ ಒಪ್ಪಿಗಿ ಅದ ಏನವಾ ಅಂದ. ನಾ ಸುಮ್ಮನಿದ್ದೆ. ಸುಮ್ಮನಿದ್ರ ಹೂಂ ಅಂದಂಗ ಅಂತ ಗೊತ್ತಿದ್ದೂ ಸುಮ್ಮನಿದ್ದೆ.’

ಉದಗೀರದ ವರ ಸಂಜುಕುಮಾರನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಅವನ ಮನೆಯವರ ಷರತ್ತಿನ ಮೇಲೆ: ಲಗ್ನವಾದ ಮೇಲೆ ನೌಕರಿ ಬಿಡಬೇಕು. ಸ್ನೇಹಲ ಉಮರ್ಗಾದಲ್ಲಿ ಖೋಲಿ ಹಿಡಿದುಕೊಂಡು, ಹೆದ್ದಾರಿ ಪಕ್ಕದ ಎಲುಬಿನ ದವಾಖಾನೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಿದ್ದಳು. ಯಾರಿಗೆ ಎಲ್ಲಿಂದ ಎಲ್ಲಿಯವರೆಗೆ ಪ್ಲಾಸ್ಟರ್ ಬಿತ್ತೋ ನೋಡಿ ವಿಮೆಯ ಪಟ್ಟಿಯಿಂದ ಬಿಲ್ಲಿಗೆ ಸರಿಯಾದ ಕೋಡ್ ಹಚ್ಚುವುದು ಅವಳ ಕೆಲಸ. ಗಾಜಿನ ಹಿಂದೆ ಕೂತು, ಯಾರೊಂದಿಗೂ ಹೆಚ್ಚು ಮಾತಾಡದೆ ಮಾಡಬಹುದಾದ ಕೆಲಸ. ಭೂಮಿಯ ಮೇಲೆ ಅದಕ್ಕಿಂತ ಚಂದದ್ದು ಇನ್ನೊಂದಿದೆ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

ಬರುವ ರವಿವಾರ ಲೋಹಾರಾದ ಅಪ್ಪನ ಮನೆಗೆ ಉದಗೀರದವರು ಹೆಣ್ಣು ನೋಡಲು ಬರುವವರಿದ್ದರು. ಬಾಯಿ ತೆರೆದು ‘ಒಲ್ಲೆ’ ಎನ್ನುವುದು ಅವಳಿಂದಾಗದು. ಉಳಿದದ್ದು ಅಪರಾಧ ಒಂದೇ.

ತನ್ನ ಹೆಸರಿನಲ್ಲೇ ಬಾಡಿ ಕಾಸ್ಟಿನ ಬಿಲ್ ತೆಗೆಯುವುದೆಂದು ನಿಶ್ಚಯಿಸಿದಳು. ಮೈತುಂಬ ಪ್ಲಾಸ್ಟರ್, ಆರು ವಾರ ಮಿಸುಕುವಂತಿಲ್ಲ. ಅಷ್ಟರಲ್ಲಿ ಮುಹೂರ್ತಗಳು ಮುಗಿಯುತ್ತವೆ, ಅವಸರದ ಜನ ಬೇರೆ ಹುಡುಗಿಯನ್ನು ಹುಡುಕಿಕೊಳ್ಳುತ್ತಾರೆ.

ಕೋಡ್ ಆರಿಸುವುದರಲ್ಲಿ ಅವಳ ಜಾಣತನವೆಲ್ಲ ಖರ್ಚಾಯಿತು. ಭುಜದಿಂದ ಸೊಂಟದವರೆಗಿನದು ಸಾಲದು. ಗೋಡೆಗೆ ಆನಿಸಿ, ಶಾಲು ಹೊದಿಸಿ ತೋರಿಸಿಯೇ ಬಿಟ್ಟಾರು. ತಲೆ ಸೇರಿದ್ದಾದರೆ ಮುಖ ಕೆಟ್ಟಿತೆಂದು ಊರೆಲ್ಲ ಸುದ್ದಿ. ಎರಡೂ ತೊಡೆ ಸೇರಿದ್ದಾದರೆ ಮುಂದೆ ಮಕ್ಕಳಾಗುತ್ತವೋ ಇಲ್ಲವೋ ಎಂದು ಹೆಂಗಸರ ಚರ್ಚೆ. ಒಂದು ತೊಡೆ ಸೇರಿದ್ದು, ಅದೇ ಸರಿ. ಕೂರಲಾಗದು, ನಿಲ್ಲಲಾಗದು, ಮಾನಕ್ಕೂ ಏನೂ ಆಗದು.

ಶುಕ್ರವಾರ ಊಟದ ಹೊತ್ತಿನಲ್ಲಿ ಬಿಲ್ ಸಿದ್ಧವಾಯಿತು. ಕಾರಣ: ಬಸ್ಸಿನ ಮೆಟ್ಟಿಲಿನಿಂದ ಬಿದ್ದದ್ದು. ಒಂದೇ ಪ್ರತಿ ತೆಗೆದು, ವಿಮೆಯವರಿಗೆ ಹೋಗುವ ಮೊದಲೇ ಕಂಪ್ಯೂಟರಿನಿಂದ ಅಳಿಸಿದಳು. ಈ ಸಂಬಂಧ ತಂದಿದ್ದ ನಿಲಂಗಾದ ಮಧ್ಯಸ್ಥ ಕಾಶೆಪ್ಪ ಕಾಕಾಗೆ ಫೋಟೋ ಕಳಿಸಿ, ಕೆಳಗೆ ಬರೆದಳು: ‘ಅಪ್ಪಗ ಹೇಳಬ್ಯಾಡ್ರಿ, ಅವ್ವಗ ಬಿಪಿ ಅದ.’

ಕಾಶೆಪ್ಪನ ಧ್ವನಿ ಮೊಬೈಲಿನಲ್ಲಿ ಕೂಡಲೇ ಬಂತು. “ಎಪ್ಪಾ ಶಿವನೇ! ನೀ ಮಿಸುಕಬ್ಯಾಡ ಮಗಳಾ. ಉದಗೀರದವರಿಗಿ ಕಾಗದ ತೋರಸ್ತೀನಿ. ನಿಮ್ಮಪ್ಪಗ, ಅವರ ಮನ್ಯಾಗ ಸೂತಕ ಬಂದದ, ರವಿವಾರ ಬರಾದಿಲ್ಲಂತ ಹೇಳ್ತೀನಿ.”

ಸೂತಕದ ಉಪಾಯ ಅವಳಿಗೂ ಹೊಳೆದಿರಲಿಲ್ಲ. ಒಳ್ಳೆಯ ಅಪರಾಧಕ್ಕೆ ಸಹಾಯ ತಾನಾಗಿ ಒದಗುತ್ತದೆ ಎಂದುಕೊಂಡಳು.

ಖುಷಿಯಲ್ಲಿ ರವಿವಾರದ ಡ್ಯೂಟಿ ಕೇಳಿ ಪಡೆದಳು. ಹನ್ನೊಂದರ ಸುಮಾರಿಗೆ ಬಾಗಿಲ ಮುಂದೆ ಒಂದು ಕ್ರೂಸರ್ ಗಾಡಿ ನಿಂತು, ಹದಿನಾಲ್ಕು ಮಂದಿ ಇಳಿದರು. ಎಳನೀರು, ಬಾಳೆಹಣ್ಣು, ಬಿಸ್ಕೀಟಿನ ಪುಡಿಕೆ. ಮುಂದಿದ್ದ ಹೆಂಗಸು ಗಾಜಿನ ಕಿಂಡಿಗೆ ಬಾಗಿದಳು.

“ಅವಾ, ನಾ ಉದಗೀರದ ಪ್ರೇಮಾಬಾಯಿ. ನಮ್ಮ ಸಂಜುಗ ಇವತ್ತ ನೋಡಬೇಕಂತಿದ್ದ ಹುಡುಗಿ ಬಿದ್ದಾಳಂತ. ಸ್ನೇಹಲ ಅಂತ. ಯಾವ ಖೋಲಿದಾಗ ಹಾಕೀರಿ?”

“ಒಂದು ತೊಡೀದು ಪಿಲಾಸ್ಟರ್ ಅಂತ ಹೇಳ, ಗೊತ್ತಾಗ್ತದ,” ಎಂದ ಹಿಂದಿನಿಂದ ಅವಳ ಗಂಡ.

“ಸುಮ್ಮನಿರ್ರಿ ನೀವು! ಹುಡುಗೀ ತೊಡಿ ಮಾತು ಹಿಂಗ ಒದರ್ತಾರೇನು?”

“ಭೇಟಿ ಟೈಮ್ ಮುಗದದ್ರಿ,” ಎಂದಳು ಸ್ನೇಹಲ, ಕಂಪ್ಯೂಟರಿಗೆ ಹೇಳಿದಂತೆ.

“ಹಿಂಗ್ಯಾಕ ಅಂತೀ ಅವಾ? ಲಗ್ನ ಆಗಲಿ, ಬಿಡಲಿ. ಬ್ಯಾನಿ ಬಿದ್ದವರಿಗಿ ನೋಡ್ಲಾಕ ಬರಬಾರದೇನು?”

ಸ್ನೇಹಲಳಿಗೆ ತಾನು ಮರೆತ ಒಂದೇ ಒಂದು ಸಂಗತಿ ಆಗ ಹೊಳೆಯಿತು. ಈ ಸೀಮೆಯಲ್ಲಿ ಹೆಣ್ಣಿಗೂ ‘ನೋಡ್ಲಾಕ’ ಬರುತ್ತಾರೆ, ಬೇನೆ ಬಿದ್ದವರಿಗೂ ‘ನೋಡ್ಲಾಕ’ ಬರುತ್ತಾರೆ. ಮೊದಲನೆಯದನ್ನು ಮುಂದೂಡಬಹುದು, ಎರಡನೆಯದನ್ನು ತಡೆಯುವ ಕೋಡ್ ಯಾವ ಪಟ್ಟಿಯಲ್ಲೂ ಇಲ್ಲ. ಪ್ರೇಮಾಬಾಯಿಯ ಕಣ್ಣು ಅವಳ ಕೊರಳಿನ ಗುರುತಿನ ಚೀಟಿಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸತೊಡಗಿತ್ತು. ಸ್ನೇಹಲ ಎರಡೂ ಕಾಲ ಮೇಲೆ ನೆಟ್ಟಗೆ ಎದ್ದು ನಿಂತಳು. “ಸ್ನೇಹಲ ನಾನೇ ಇದ್ದೀನ್ರಿ,” ಎಂದಳು. ಹದಿನಾಲ್ಕೂ ಮಂದಿಗೆ ಕೇಳಿಸುವಷ್ಟು ಜೋರಾಗಿ ಮುಂದಿನದನ್ನೂ ಹೇಳಿದಳು: “ನನಗ ಈ ಲಗ್ನ ಬ್ಯಾಡ್ರಿ.”