ಸೋಮವಾರದ ಕೇಬಲ್

ಸೋಮವಾರ ಹತ್ತೂವರೆಗೆ ಗ್ರಂಥಾಲಯದಿಂದ ಫೋನ್ ಬಂತೆಂದರೆ ಅವಳ ಮುಖ ಅರಳುತ್ತಿತ್ತು. ಅವಳು ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಯ ಯಜಮಾನರಾದ ಚಿಕ್ಕಪ್ಪನ ಮುಖ ಮಾತ್ರ ಗಂಟಿಕ್ಕುತ್ತಿತ್ತು.

“ಮೂರು ತಿಂಗಳಿಂದ ಅದೇ ಸರ್ವರ್, ಅದೇ ತೊಂದರೆ! ಇವತ್ತು ಖಾಯಂ ಸರಿಮಾಡಿ ಬಾ. ಇನ್ನು ಆ ಕಡೆ ಹೋಗೋದು ಬೇಡ,” ಎಂದು ಆ ಸೋಮವಾರ ಚಿಕ್ಕಪ್ಪ ಗದರಿದರು.

ತೊಂದರೆ ಸಣ್ಣದೇ. ಆ ಹಳೆಯ ಲಿನಕ್ಸ್ ಸರ್ವರಿನಲ್ಲಿ ಎರಡು ನೆಟ್‌ವರ್ಕ್ ಕಾರ್ಡು, ಒಂದು ಒಳಗಿನ ಕಂಪ್ಯೂಟರುಗಳಿಗೆ, ಇನ್ನೊಂದು ಇಂಟರ್ನೆಟ್ಟಿಗೆ. ಆನ್ ಆಗುವಾಗ ಯಾವ ಕಾರ್ಡು ಮೊದಲು ಸರ್ವರಿನ ಕಣ್ಣಿಗೆ ಬಿತ್ತೋ ಅದಕ್ಕೆ ಮೊದಲ ಹೆಸರು. ಒಮ್ಮೊಮ್ಮೆ ಹೆಸರುಗಳು ಅದಲುಬದಲಾಗಿ ಎಲ್ಲವೂ ನಿಲ್ಲುತ್ತಿತ್ತು. ಪ್ರತಿ ಕಾರ್ಡಿನ ಎಂದೂ ಬದಲಾಗದ ಹಾರ್ಡ್‌ವೇರ್ ವಿಳಾಸಕ್ಕೂ ಒಂದು ಹೆಸರು ಗಂಟುಹಾಕಿ ಫೈಲಿನಲ್ಲಿ ಬರೆದಿಟ್ಟರೆ ಮುಗಿಯಿತು. ಇದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಆದರೂ ಪ್ರತಿ ವಾರ ಬದಲಾದ ಹೆಸರಿಗೆ ತಕ್ಕಂತೆ ಕೇಬಲ್‌ಗಳನ್ನಷ್ಟೇ ಅದಲುಬದಲು ಮಾಡಿ ಬರುತ್ತಿದ್ದಳು. ಯಾಕೆಂದರೆ ಗ್ರಂಥಪಾಲಕ ನಕ್ಕಾಗ ಅವನ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಅದನ್ನು ನೋಡದೆ ಅವಳಿಗೆ ವಾರ ಶುರುವಾಗುತ್ತಿರಲಿಲ್ಲ.

“ಇವತ್ತು ಖಾಯಂ ಸರಿಮಾಡ್ತೀನಿ,” ಎಂದಳು ಗ್ರಂಥಾಲಯಕ್ಕೆ ಬಂದು, ಅವನತ್ತ ನೋಡದೆ.

“ಅಂದ್ರೆ... ಇನ್ನು ನೀವು ಬರೋದೇ ಇಲ್ವಾ?”

ಅವಳು ಸರ್ವರ್ ಯಾವಾಗೆಲ್ಲ ಆನ್ ಆಗಿತ್ತೆಂಬ ದಾಖಲೆ ತೆರೆದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವ ಹಾಗೆ ಅವನು ಕುರ್ಚಿಯಲ್ಲಿ ಮಿಸುಕಾಡಿದ. ತೆರೆಯ ಮೇಲೆ ಎಲ್ಲವೂ ಇತ್ತು: ಪ್ರತಿ ಸೋಮವಾರ ಹತ್ತು ಗಂಟೆಯ ನಂತರ ಮೂರು ಸಲ, ನಾಲ್ಕು ಸಲ ರೀಸ್ಟಾರ್ಟ್. ಹೋದ ವಾರ ಒಂಬತ್ತು ಸಲ!

“ಸರ್, ಏನಿದು?”

ಅವನ ಕಿವಿ ಕೆಂಪಾಯಿತು. “ಹೆಸರು ಬದಲಾಗೋವರೆಗೂ ಆಫ್ ಮಾಡಿ ಆನ್ ಮಾಡ್ತಿದ್ದೆ. ಹೋದ ವಾರ ಎಂಟು ಸಲ ಮಾಡಿದ್ರೂ ಹಾಳಾದ್ದು ಕೆಡ್ಲೇ ಇಲ್ಲ. ನೀವು ಬರಲ್ವೇನೋ ಅಂತ ಅಳು ಬಂದಿತ್ತು.”

ಅವಳಿಗೆ ನಗು ತಡೆಯಲಾಗಲಿಲ್ಲ. “ನಾನೂ ಹತ್ತು ನಿಮಿಷದ ಕೆಲಸಾನ ಮೂರು ತಿಂಗಳು ಎಳೆದಿದ್ದೀನಿ. ನಿಮ್ಮನ್ನ ನೋಡೋಕೇ.”

ಕನ್ನಡಕ ಜಾರಿತು. ಈ ಸಲ ಅದನ್ನು ಮೇಲೆ ಸರಿಸಿದ್ದು ಅವಳ ಬೆರಳು.

ಆಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಫೈಲು ಬರೆದರು. ಒಂದು ಕಾರ್ಡಿಗೆ ‘ಒಳಗೆ’, ಇನ್ನೊಂದಕ್ಕೆ ‘ಹೊರಗೆ’ ಎಂಬ ಅರ್ಥದ ಇಂಗ್ಲಿಷ್ ಹೆಸರು ಕೊಟ್ಟರು. ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಹೆಸರು ಕದಲಲಿಲ್ಲ.

ಮುಂದಿನ ಸೋಮವಾರ ಹತ್ತೂವರೆಗೆ ಫೋನ್ ರಿಂಗಾಯಿತು.

“ಎಲ್ಲಾ ಚೆನ್ನಾಗಿ ಓಡ್ತಿದೆ,” ಎಂದ ಅವನು. “ಬರ್ತೀರಾ?”

ಅವಳು ಆಗಲೇ ಬಾಗಿಲಲ್ಲಿದ್ದಳು.

“ಟೂಲ್ ಬ್ಯಾಗ್ ಬಿಟ್ಟು ಹೊರಟೆಯಲ್ಲೇ!” ಚಿಕ್ಕಪ್ಪ ಕೂಗಿದರು.

“ಏನೂ ಕೆಟ್ಟಿಲ್ಲ ಚಿಕ್ಕಪ್ಪಾ!” ಎನ್ನುತ್ತ ಅವಳು ಮೆಟ್ಟಿಲಿಳಿದಳು.