ಮಧ್ಯಾಹ್ನದ ಎರಡನೇ ಪೂಜೆ

"ಪೂಜೆ ಆಯ್ತೇನೇ?" ಗೋಮತಜ್ಜಿ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಕೇಳಿದರು.

"ಆಯ್ತಮ್ಮ! ಐದು ಸಲ ಹೇಳ್ದೆ!" ನವ್ಯಾ ಅತ್ತೆಯ ದನಿ ಏರಿತು.

ನವ್ಯಾ ಅಜ್ಜಿಯ ಮಗಳು, ಮೊಮ್ಮಗಳು ಹಂಸಿನಿಗೆ ಸೋದರತ್ತೆ. ಮೈಸೂರಿನ ಲ್ಯಾಬಿನಲ್ಲಿ ಅವರದ್ದು ಮರೆವಿನ ಕಾಯಿಲೆಯ ಸಂಶೋಧನೆ. ಅಂದಮೇಲೆ ಮರೆವಿನ ಅಜ್ಜಿಯನ್ನು ಒಂದು ದಿನ ನೋಡಿಕೊಳ್ಳುವುದು ಅವರಿಗೆ ಯಾವ ಮಹಾ ಕೆಲಸ? ಹಾಗೆಂದುಕೊಂಡೇ ಹಂಸಿನಿಯ ಅಪ್ಪ ಅಮ್ಮ ಸುಂಟಿಕೊಪ್ಪದಲ್ಲಿ ಗೃಹಪ್ರವೇಶ ಮಾಡಿಸಲು ಹೊರಟುಹೋಗಿದ್ದರು.

ಅರ್ಚಕರ ಮನೆ. ದೇವರಿಗೆ ನೈವೇದ್ಯವಾಗದೆ ಅಜ್ಜಿ ಒಂದು ತುತ್ತೂ ಮುಟ್ಟಿದವರಲ್ಲ. ಕಾಫಿಗೆ ಮಾತ್ರ ಆ ನಿಯಮವಿಲ್ಲ! ಈಗ ಪೂಜೆಯಾದದ್ದು ಮರೆತುಹೋಗುತ್ತದೆ, ನಿಯಮ ಮರೆಯುವುದಿಲ್ಲ. ಅದಕ್ಕೇ ಹಂಸಿನಿ ಊಟದ ಹೊತ್ತಿಗೆ ಇನ್ನೊಮ್ಮೆ ಗಂಟೆ ಬಾರಿಸಿಬಿಡುತ್ತಿದ್ದಳು. ಕೆಲವು ದಿನ ದೇವರಿಗೆ ಮೂರು ಊಟ.

"ಆ ಸುಳ್ಳು ಗಂಟೆ ಎಲ್ಲಾ ಬೇಡ," ಎಂದ ಅತ್ತೆ, ಬೆಳಗಿನ ಪೂಜೆಯ ವಿಡಿಯೋ ತೋರಿಸಿದರು.

"ಅದು ನಿನ್ನೆ ಪೂಜೇದು," ಎಂದರು ಅಜ್ಜಿ. "ನೀವು ಯಾರಮ್ಮ, ನನ್ನ ಮನೇಲಿ ನನ್ನನ್ನೇ ಗದರೋದು?"

ಅತ್ತೆ ಎದ್ದು ಜಗುಲಿಗೆ ಹೋಗಿ ಲ್ಯಾಪ್‌ಟಾಪ್ ತೆರೆದರು. ಎರಡೂವರೆಯಾಗಿತ್ತು. ಊಟವಿಲ್ಲದೆ ಮಾತ್ರೆ ಕೊಡುವಂತಿಲ್ಲ. ಅಜ್ಜಿ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಹಂಸಿನಿಗೆ ಭಯವಾಯಿತು. ಅತ್ತೆಯನ್ನು ಕರೆಯಲು ಹೋದವಳು ಸ್ಕ್ರೀನ್ ನೋಡಿ ನಿಂತಳು. ಕಪ್ಪು ಹಿನ್ನೆಲೆಯ ಮೇಲೆ ಹಸಿರು ಹಸಿರಾಗಿ ಏನೋ ಹೊಳೆಯುತ್ತಿತ್ತು.

"ಇಲಿಯ ಮೆದುಳು," ಎಂದರು ಅತ್ತೆ. "ಬಣ್ಣ ಹಚ್ಚಿ ಲೈಟ್ ಬಿಟ್ರೆ ಮೈಕ್ರೋಸ್ಕೋಪಲ್ಲಿ ಹೀಗೆ ಹೊಳೆಯುತ್ತೆ. ಈ ಹಸಿರೆಲ್ಲಾ ಮೆದುಳನ್ನ ಕಾಯೋ ಕೋಶಗಳು. ಈ ಕಾಯಿಲೇಲಿ ಅವು ರೇಗ್ತಾನೇ ಇರ್ತವೆ. ಉರಿಯೂತ ಆಗುತ್ತೆ. ಕಾಯಬೇಕಾದವೇ ಕೆಡಿಸ್ತವೆ."

"ಸಾಕು ಅಂತ ಅವಕ್ಕೆ ಗೊತ್ತಾಗಲ್ವಾ ಅತ್ತೆ?"

"ಅದನ್ನೇ ಐದು ವರ್ಷದಿಂದ ಹುಡುಕ್ತಾ ಇದ್ದೀನಿ ಕಣೇ."

ಹಂಸಿನಿ ಒಳಗೆ ಹೋಗಿ ಕೈ ತೊಳೆದು, ದೇವರ ಮುಂದೆ ಚೂರು ಅನ್ನವಿಟ್ಟು, ಗಂಟೆ ಬಾರಿಸಿದಳು.

"ಹಂಸಿನೀ!" ಅತ್ತೆ ಓಡಿ ಬಂದು ಬಾಗಿಲಲ್ಲೇ ನಿಂತರು. ಅಜ್ಜಿ ಆಗಲೇ ತಟ್ಟೆ ಎಳೆದುಕೊಂಡು ಸಾರು ಅನ್ನ ಕಲಸುತ್ತಿದ್ದರು.

"ಬನ್ನಿ, ಕೂತ್ಕೊಳ್ಳಿ," ಎಂದು ಅತ್ತೆಯನ್ನು ಕರೆದರು. "ಊಟದ ಹೊತ್ತಲ್ಲಿ ಹಾಗೇ ಹೋಗಬಾರದು. ನನ್ನ ಮಗಳೂ ನಿಮ್ಮ ಹಾಗೇ, ಹೊತ್ತಿಗೆ ಸರಿಯಾಗಿ ಉಣ್ಣಲ್ಲ."

"ಅಮ್ಮಾ, ನಾನೇ..." ಎಂದು ಶುರುಮಾಡಿದ ಅತ್ತೆ ಹಂಸಿನಿಯ ಮುಖ ನೋಡಿದರು. ಅಲ್ಲೇ ನಿಲ್ಲಿಸಿ ಅಜ್ಜಿಯ ಪಕ್ಕ ಕುಳಿತರು. ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮ ಮಗಳ ಹೆಸರೇನು?"

"ನವ್ಯಾ!" ಅಜ್ಜಿ ಒಂದು ಕ್ಷಣವೂ ತಡಮಾಡಲಿಲ್ಲ. "ಬಹಳ ಜಾಣೆ. ಕೋಪ ಮಾತ್ರ ಮೂಗಿನ ತುದೀಲೇ."

ಅತ್ತೆಯ ಕಣ್ಣು ತುಂಬಿತು. ಹಂಸಿನಿ ಇನ್ನೊಂದು ತಟ್ಟೆ ತಂದು ಅವರಿಗೂ ಅನ್ನ ಬಡಿಸಿದಳು.